ದಿನಕ್ಕೆ 1400 ಕ್ಯಾಲರಿ ಅಂತ ಬರೀತಿದ್ದೀನಿ, ತೂಕ ಮಾತ್ರ ಇಳೀತಿಲ್ಲ. ಅಳತೆ ಎಲ್ಲಿ ತಪ್ತಿದೆ?

ಪ್ರಶ್ನೆ: ಮೇಡಂ ನಮಸ್ತೆ. ನನಗೆ 34 ವರ್ಷ, ಎತ್ತರ 5 ಅಡಿ 2 ಇಂಚು. ತಿಪಟೂರಿನ ಹತ್ರ ಹಳ್ಳಿ, ತೆಂಗಿನ ತೋಟ ಇದೆ. ಮನೇಲಿ ಅತ್ತೆ, ಮಾವ, ಯಜಮಾನ್ರು, ಎರಡು ಮಕ್ಕಳು ಸೇರಿ ಆರು ಜನ. ಮೂರು ತಿಂಗಳಿಂದ ಮೊಬೈಲ್ ಆ್ಯಪಲ್ಲಿ ತಿಂದಿದ್ದೆಲ್ಲ ಹಾಕ್ತಿದ್ದೀನಿ, ದಿನಕ್ಕೆ 1400 ಕ್ಯಾಲರಿ ದಾಟಿಲ್ಲ. ಆದ್ರೂ 74 ಕೆಜಿ ಇದ್ದಿದ್ದು 73 ಆಗಿದೆ ಅಷ್ಟೇ. ಥೈರಾಯ್ಡ್ ನಾರ್ಮಲ್ ಬಂದಿದೆ. ಒಂದು ಮುದ್ದೆ, ಒಂದು ಕಪ್ ಅನ್ನ, ಒಂದು ಬಟ್ಲು ಹುಳಿ, ಮೂರು ಕಾಫಿ ಅಂತ ಹಾಕ್ತೀನಿ. ಈಗ ಒಂದು ಸ್ಕೇಲ್ ತರಿಸಿದ್ದೀನಿ ಆದ್ರೆ ಅಡುಗೆ ಮಾಡೋದು ಅತ್ತೆ, ಎಲ್ರಿಗೂ ಒಂದೇ ಪಾತ್ರೆ, ಅದ್ರಲ್ಲಿ ನನ್ನ ಪಾಲು ಹೇಗೆ ಅಳೀಲಿ? ಹಸಿ ಪದಾರ್ಥ ತೂಗ್ಬೇಕಾ ಬೆಂದಿದ್ದಾ? ಜೀವನ ಪೂರ್ತಿ ಹೀಗೆ ತೂಗ್ತಾ ಕೂರ್ಬೇಕಾ?

ಉತ್ತರ:

ಮೊದಲು ಒಂದು ವಿಷ್ಯ ಹೇಳ್ಬಿಡ್ತೀನಿ, ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತಾನೋ ನಿಮ್ಮ ಮೈ ಸರಿ ಇಲ್ಲ ಅಂತಾನೋ ದಯವಿಟ್ಟು ಅಂದ್ಕೋಬೇಡಿ. ಮೂರು ತಿಂಗಳು ಬಿಡದೆ ಬರೆದಿದ್ದೀರಲ್ಲ, ಅದು ಸಣ್ಣ ಕೆಲಸ ಅಲ್ಲ. ತಪ್ಪು ಇರೋದು ಅಳತೆಯಲ್ಲಿ, ಅದನ್ನ ಸರಿ ಮಾಡ್ಬಹುದು.

ನಿಮ್ಮ ಥರದ ಜನರ ಮೇಲೇ ಒಂದು ಅಧ್ಯಯನ ಆಗಿದೆ, 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ದಿನಕ್ಕೆ 1200 ಕ್ಯಾಲರಿಗಿಂತ ಕಮ್ಮಿ ತಿಂತೀವಿ ಆದ್ರೂ ತೂಕ ಇಳಿಯಲ್ಲ ಅಂತ ಹೇಳ್ತಿದ್ದ ಹತ್ತು ಜನರನ್ನ ತಗೊಂಡು, ಅವ್ರ ಮೈ ನಿಜವಾಗ್ಲೂ ಎಷ್ಟು ಶಕ್ತಿ ಖರ್ಚು ಮಾಡ್ತಿದೆ ಅಂತ ವಿಶೇಷ ನೀರು ಕುಡಿಸಿ ಅಳೆದ್ರು. ಮೆಟಬಾಲಿಸಂ ಎಲ್ಲ ಸರಿಯಾಗೇ ಇತ್ತು. ಆದ್ರೆ ಅವ್ರು ಬರೆದಿದ್ದಕ್ಕೂ ತಿಂದಿದ್ದಕ್ಕೂ ಸರಾಸರಿ 47 ಪರ್ಸೆಂಟ್ ವ್ಯತ್ಯಾಸ, ಅಂದ್ರೆ ಹೆಚ್ಚುಕಮ್ಮಿ ಅರ್ಧ ಲೆಕ್ಕಕ್ಕೇ ಬಂದಿರ್ಲಿಲ್ಲ. ಅವ್ರು ಬೇಕು ಅಂತ ಸುಳ್ಳು ಹೇಳಿದ್ರು ಅಂತ ನನಗೆ ಅನ್ಸಲ್ಲ, ಕಣ್ಣಳತೆ ಎಲ್ರಿಗೂ ಮೋಸ ಮಾಡತ್ತೆ, ಡಯಟಿಷಿಯನ್‌ಗಳಿಗೂ ಮಾಡತ್ತೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಿಮ್ಮ ವಯಸ್ಸು, ಎತ್ತರ, ತೂಕ ಸೂತ್ರಕ್ಕೆ ಹಾಕಿದ್ರೆ ಸ್ವಲ್ಪ ಓಡಾಟ ಇರೋ ಹೆಂಗಸಿಗೆ ತೂಕ ಹಾಗೇ ನಿಲ್ಲೋಕೆ ದಿನಕ್ಕೆ ಸುಮಾರು 1900 ಕ್ಯಾಲರಿ ಬೇಕು ಅಂತ ಬರತ್ತೆ. ಒಂದು ಕೆಜಿ ಕೊಬ್ಬು ಅಂದ್ರೆ ಅಂದಾಜು 7700 ಕ್ಯಾಲರಿ. ನೀವು 90 ದಿನಕ್ಕೆ ಒಂದು ಕೆಜಿ ಇಳಿದಿದ್ದೀರಿ ಅಂದ್ರೆ ದಿನಕ್ಕೆ 85 ಕ್ಯಾಲರಿ ಮಾತ್ರ ಕಮ್ಮಿ ತಿಂದಿದ್ದೀರಿ, ಅಂದ್ರೆ ನಿಜವಾಗಿ ಹೊಟ್ಟೆಗೆ ಹೋಗಿದ್ದು 1800 ಚಿಲ್ಲರೆ. ಈ ಸೂತ್ರ ಒಬ್ಬೊಬ್ರಿಗೆ ನೂರಿನ್ನೂರು ಆ ಕಡೆ ಈ ಕಡೆ ಆಗತ್ತೆ, ಒಪ್ತೀನಿ. ಆದ್ರೂ 1400ಕ್ಕೂ 1800ಕ್ಕೂ ಮಧ್ಯೆ 400 ಕ್ಯಾಲರಿ ಎಲ್ಲೋ ಅವಿತ್ಕೊಂಡಿದೆ. ನಾವು ಹುಡುಕ್ಬೇಕಾಗಿರೋದು ಆ 400ನ್ನ ಮಾತ್ರ. ಅದಕ್ಕೇ ಸೋರೆಕಾಯಿ ಸೌತೆಕಾಯಿ ಎಲ್ಲ ಒಂದೊಂದು ಗ್ರಾಂ ತೂಗ್ತಾ ಕೂತ್ಕೋಬೇಡಿ, ಸೋರೆಕಾಯಿ 100 ಗ್ರಾಂ ತಪ್ಪಾದ್ರೂ ಹೋಗೋದು ಹದಿನೈದು ಕ್ಯಾಲರಿ, ಎಣ್ಣೆ 10 ಗ್ರಾಂ ತಪ್ಪಾದ್ರೆ 90.

ಮುದ್ದೆಯಿಂದ ಶುರು ಮಾಡ್ತೀನಿ. ‘ಒಂದು ಮುದ್ದೆ’ ಅನ್ನೋದು ಅಳತೆನೇ ಅಲ್ಲ. ಹಾಸನ ಮಂಡ್ಯ ಕಡೆ ಹೊಲದಲ್ಲಿ ದುಡಿಯೋರ ತಟ್ಟೆಗೆ ಬೀಳೋ ಮುದ್ದೆಗೂ ಹೋಟ್ಲಲ್ಲಿ ಊಟದ ಜೊತೆ ಇಡೋ ಪುಟ್ಟ ಮುದ್ದೆಗೂ ಎರಡರಷ್ಟು ವ್ಯತ್ಯಾಸ ಇರತ್ತೆ. ಆ್ಯಪಲ್ಲಿರೋ ಸಂಖ್ಯೆ ಯಾರೋ ಒಬ್ರು ಅವ್ರ ಮನೆ ಮುದ್ದೆಗೆ ಹಾಕಿದ್ದು, ಅದು ನಿಮ್ಮ ಅತ್ತೆ ಕಟ್ಟೋ ಮುದ್ದೆ ಅಲ್ಲ. ರಾಗಿ ಹಿಟ್ಟು 100 ಗ್ರಾಂಗೆ ಸುಮಾರು 320 ಕ್ಯಾಲರಿ, ಇದು ಬದಲಾಗಲ್ಲ. ನೀರಿಗೆ ಕ್ಯಾಲರಿ ಇಲ್ಲ. ಹಾಗಾಗಿ ನಿಮಗೆ ಬೇಕಾಗಿರೋದು ಎರಡೇ ತೂಕ, ಹಾಕಿದ ಹಿಟ್ಟು ಎಷ್ಟು, ಕೊನೆಗೆ ಬಂದ ಮುದ್ದೆ ಒಟ್ಟು ಎಷ್ಟು. ಉದಾಹರಣೆಗೆ 400 ಗ್ರಾಂ ಹಿಟ್ಟು ಹಾಕಿ ತೊಳಸಿದ್ಮೇಲೆ ಒಟ್ಟು 1150 ಗ್ರಾಂ ಮುದ್ದೆ ಬಂತು ಅಂದ್ಕೊಳಿ, 1280 ಕ್ಯಾಲರಿ ಭಾಗಿಸು 1150, ಗ್ರಾಂಗೆ 1.1 ಕ್ಯಾಲರಿ. ನಿಮ್ಮ ಮುದ್ದೆ 200 ಗ್ರಾಂ ಇದ್ರೆ 220 ಆಯ್ತು, 320 ಗ್ರಾಂ ಇದ್ರೆ 350 ಆಯ್ತು. ಎರಡೂ ಆ್ಯಪಲ್ಲಿ ‘ಒಂದು ಮುದ್ದೆ’ನೇ. ನೋಡಿ, 130 ಇಲ್ಲೇ ಕೂತಿರ್ಬಹುದು.

ಹಸಿದಾ ಬೆಂದಿದ್ದಾ ಅಂತ ಕೇಳಿದ್ರಲ್ಲ, ನಾನು ನೋಡಿರೋ ದೊಡ್ಡ ತಪ್ಪುಗಳೆಲ್ಲ ಇದ್ರಲ್ಲೇ ಆಗಿರೋದು. ಎರಡರಲ್ಲಿ ಯಾವ್ದು ತೂಗಿದ್ರೂ ಪರ್ವಾಗಿಲ್ಲ, ಆದ್ರೆ ಯಾವ್ದನ್ನ ತೂಗಿದ್ರೋ ಅದೇ ಸ್ಥಿತಿಯ ಸಂಖ್ಯೆ ತಗೋಬೇಕು. ಸೋನಾಮಸೂರಿ ಅಕ್ಕಿ ಹಸಿದು 100 ಗ್ರಾಂಗೆ ಸುಮಾರು 350 ಕ್ಯಾಲರಿ, ಅದೇ ಬೆಂದು ಅನ್ನ ಆದ್ಮೇಲೆ 100 ಗ್ರಾಂಗೆ 120ರಿಂದ 130. ಅಕ್ಕಿಯಲ್ಲಿದ್ದ ಶಕ್ತಿ ಎಲ್ಲೂ ಹೋಗ್ಲಿಲ್ಲ, ನೀರು ಕುಡ್ಕೊಂಡು ತೂಕ ಎರಡೂವರೆ ಮೂರು ಪಟ್ಟು ಆಯ್ತು ಅಷ್ಟೇ. ಈಗ ಒಬ್ರು 75 ಗ್ರಾಂ ಅಕ್ಕಿ ತೂಗಿ ಇಟ್ಟು ಆ್ಯಪಲ್ಲಿ ‘ಅನ್ನ 75 ಗ್ರಾಂ’ ಅಂತ ಹಾಕಿದ್ರೆ ಅಲ್ಲಿ ಬರೋದು ನೂರರ ಒಳಗೆ, ತಿಂದಿದ್ದು 260. ಉಲ್ಟಾನೂ ಆಗತ್ತೆ, ಬೆಂದ ಅನ್ನ 180 ಗ್ರಾಂನ್ನ ಅಕ್ಕಿ ಅಂತ ಹಾಕಿದ್ರೆ 600 ದಾಟಿ ತೋರ್ಸತ್ತೆ, ಪಾಪ ಗಾಬರಿ ಬಿದ್ದು ರಾತ್ರಿ ಊಟಾನೇ ಬಿಡೋರನ್ನ ನೋಡಿದ್ದೀನಿ. ಕಾಳುಗಳದ್ದೂ ಇದೇ ಕಥೆ, ನೆನೆಸಿದ ಕಡಲೆಕಾಳು ಒಣಗಿದ್ದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ತೂಗತ್ತೆ. ಕೋಳಿ ಮಾಂಸದಲ್ಲಿ ಇದಕ್ಕೆ ಉಲ್ಟಾ, ಬೇಯ್ತಾ ನೀರು ಬಿಟ್ಟು 100 ಗ್ರಾಂ ಹಸಿದು 70-75ಕ್ಕೆ ಇಳಿಯತ್ತೆ.

ನನ್ನ ಕೇಳಿದ್ರೆ ಹಸಿ ಇದ್ದಾಗ್ಲೇ ತೂಗಿ. ಯಾಕಂದ್ರೆ ಬೆಂದ ಅನ್ನದ ಸಂಖ್ಯೆ ನೀರಿನ ಮೇಲೆ ಹೋಗತ್ತೆ, ಇವತ್ತು ಉದುರುದುರು, ನಾಳೆ ಮೆತ್ತಗೆ, ಹಳೇ ಅಕ್ಕಿ ಜಾಸ್ತಿ ನೀರು ಹಿಡಿಯತ್ತೆ, ಹೊಸ ಅಕ್ಕಿ ಕಮ್ಮಿ. ಒಲೆ ಮೇಲೆ ಇಡೋಕೆ ಮುಂಚಿನ ತೂಕಕ್ಕೆ ಈ ತಾಪತ್ರಯ ಯಾವ್ದೂ ಇಲ್ಲ.

ಮತ್ತೆ ಇದಕ್ಕೆ ಅತ್ತೆ ಜೊತೆ ಜಗಳ ಮಾಡೋ ಅವಶ್ಯಕತೆನೂ ಇಲ್ಲ. ಅವ್ರು ಅಕ್ಕಿ ಡಬ್ಬದಲ್ಲಿ ಒಂದು ಪಾವು ಇಟ್ಕೊಂಡಿರ್ತಾರೆ ಅಲ್ವಾ, ಅಥವಾ ಒಂದು ಸ್ಟೀಲ್ ಲೋಟ? ನಮ್ಮ ಹಳೇ ಅಡುಗೆಮನೆಗಳಲ್ಲಿ ಅಳೀತಿದ್ದಿದ್ದೇ ಹೀಗೆ, ಚಟಾಕು, ಪಾವು, ಸೇರು, ಎಲ್ಲ ಹಸಿ ಧಾನ್ಯಕ್ಕೆ. ಪಾವಕ್ಕಿ ಇಷ್ಟು ಜನಕ್ಕೆ ಆಗತ್ತೆ ಅಂತ ಅವ್ರ ಕೈಗೆ ಗೊತ್ತಿರತ್ತೆ. ಆ ಪಾವು ನಿಮಗೆ ಆ್ಯಪಿಗಿಂತ ಸಾವಿರ ಪಾಲು ಒಳ್ಳೇ ಸಾಧನ. ಪಾವು ಮನೆಯಿಂದ ಮನೆಗೆ ಊರಿಂದ ಊರಿಗೆ ಸ್ವಲ್ಪ ಬದಲಾಗತ್ತೆ, ಅದಕ್ಕೆ ಯಾರೋ ಹೇಳಿದ ಸಂಖ್ಯೆ ತಗೋಬೇಡಿ, ನಿಮ್ಮ ಮನೆ ಪಾವನ್ನೇ ಒಂದ್ಸಲ ತೂಗಿ. ಖಾಲಿ ಪಾವು ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ, ಅತ್ತೆ ಕೈಲೇ ಅವ್ರು ದಿನಾ ತುಂಬೋ ಹಾಗೆ ತುಂಬಿಸಿ. ಮೇಲೆ ಕೈ ಸವರಿ ಸಮ ಮಾಡ್ತಾರಾ, ಗೋಪುರ ಬಿಡ್ತಾರಾ, ಅದು ಬಹಳ ಮುಖ್ಯ. ಐದು ಸಲ ತೂಗಿ ಸರಾಸರಿ ಮಾಡಿ, ಅಕ್ಕಿಗೆ ಬೇರೆ, ತೊಗರಿಬೇಳೆಗೆ ಬೇರೆ, ರಾಗಿ ಹಿಟ್ಟಿಗೆ ಬೇರೆ. ಹಿಟ್ಟು ಒತ್ತಿ ತುಂಬಿದ್ರೆ ಒಂದು ತೂಕ, ಸಡಿಲ ಬಿಟ್ರೆ ಇನ್ನೊಂದು, ಅದಕ್ಕೇ ಹಿಟ್ಟಿಗೆ ಮಾತ್ರ ದಿನಾ ಸ್ಕೇಲ್ ಹಿಡೀರಿ. ಬೇರೇದಕ್ಕೆ ಇನ್ಮೇಲೆ ‘ಅತ್ತೆ ಇವತ್ತು ಎಷ್ಟು ಪಾವು ಹಾಕಿದ್ರಿ’ ಅಂತ ಕೇಳಿದ್ರೆ ಸಾಕು.

ಎಲ್ರಿಗೂ ಒಂದೇ ಪಾತ್ರೆ ಅನ್ನೋದಕ್ಕೆ ದಾರಿ ಇದೆ. ಮನೇಲಿ ದಿನಾ ಬಳಸೋ ನಾಲ್ಕೈದು ಪಾತ್ರೆ, ಕುಕ್ಕರ್ ಒಳಗಿನ ಡಬ್ಬ, ಬಾಣಲಿ, ಎಲ್ಲ ಖಾಲಿ ಇದ್ದಾಗ ಒಂದ್ಸಲ ತೂಗಿ ಆ ಸಂಖ್ಯೆನ ಅಡುಗೆಮನೆ ಗೋಡೆ ಮೇಲೆ ಒಂದು ಚೀಟೀಲಿ ಬರೆದು ಅಂಟಿಸಿ. ಅಡುಗೆ ಆದ್ಮೇಲೆ ಪಾತ್ರೆ ಸಮೇತ ತೂಗಿ ಖಾಲಿ ತೂಕ ಕಳೆದ್ರೆ ಒಳಗಿರೋ ಪದಾರ್ಥದ ತೂಕ ಸಿಕ್ತು. ಒಂದು ತರಕಾರಿ ಹುಳಿ ತಗೊಳಿ: ತೊಗರಿಬೇಳೆ 150 ಗ್ರಾಂ, ಅದು 500 ಕ್ಯಾಲರಿ. ತೆಂಗಿನ ತುರಿ 60 ಗ್ರಾಂ, 240. ಎಣ್ಣೆ ಎರಡು ದೊಡ್ಡ ಚಮಚ ಅಂದ್ರೆ 27 ಗ್ರಾಂ, 245. ಹುರಳಿಕಾಯಿ, ಕ್ಯಾರೆಟ್, ನವಿಲುಕೋಸು ಎಲ್ಲ ಸೇರಿ ಒಂದು ನೂರು. ಒಟ್ಟು 1085. ಪಾತ್ರೇಲಿ 1800 ಗ್ರಾಂ ಹುಳಿ ಆಗಿದ್ರೆ ಗ್ರಾಂಗೆ 0.6 ಕ್ಯಾಲರಿ. ನಿಮ್ಮ ಬಟ್ಲಿಗೆ 250 ಗ್ರಾಂ ಬಿದ್ರೆ 150. ಇಲ್ಲಿ ಒಂದು ಗಮನಿಸಿ, ಒಗ್ಗರಣೆಗೆ ಹಾಕಿದ ಎರಡು ಚಮಚ ಎಣ್ಣೆ ಇಡೀ ಪಾತ್ರೆಯ ಬೇಳೆಯ ಅರ್ಧದಷ್ಟು ಶಕ್ತಿ ತಂದಿದೆ, ಕಣ್ಣಿಗೆ ಕಾಣೋದೇ ಇಲ್ಲ. ಬಡಿಸೋ ಮುಂಚೆ ಸೌಟಲ್ಲಿ ತಳದಿಂದ ಚೆನ್ನಾಗಿ ಕಲಸಿ, ಮೇಲೆ ತಿಳಿ ತಳದಲ್ಲಿ ಗಟ್ಟಿ ಇದ್ರೆ ಲೆಕ್ಕ ಹಾಳು, ಬಿಸಿಬೇಳೆಬಾತ್‌ಗೆ ಈ ತೊಂದ್ರೆ ಇಲ್ಲ, ಬಸ್ಸಾರು ಉಪ್ಸಾರಿಗೆ ಇದೆ. ಬಸ್ಸಾರಲ್ಲಿ ಕಟ್ಟು ಬೇರೆ ಪಲ್ಯ ಬೇರೆ ಆಗೋದ್ರಿಂದ ಕಾಳೆಲ್ಲ ಪಲ್ಯದ ಲೆಕ್ಕಕ್ಕೆ ಹಾಕಿ, ಸಾರಿಗೆ ರುಬ್ಬಿದ ಮಸಾಲೆ ಎಣ್ಣೆ ಮಾತ್ರ ಹಾಕಿ, ಒಂಚೂರು ತಪ್ಪಾಗತ್ತೆ ಆದ್ರೆ ನಡೆಯತ್ತೆ.

ಎಣ್ಣೆ ವಿಷ್ಯ ಬಂತಲ್ಲ. ಎಣ್ಣೆ ಯಾವ್ದೇ ಇರ್ಲಿ, ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ, ತುಪ್ಪ, ಎಲ್ಲ ಗ್ರಾಂಗೆ ಹೆಚ್ಚುಕಮ್ಮಿ 9 ಕ್ಯಾಲರಿ. ಆರೋಗ್ಯಕ್ಕೆ ಒಂದಕ್ಕಿಂತ ಒಂದು ಒಳ್ಳೇದಿರ್ಬಹುದು, ಕ್ಯಾಲರಿಲಿ ಎಲ್ಲ ಒಂದೇ. ಅದನ್ನ ಅಳೆಯೋಕೆ ಚಮಚ ನಂಬ್ಬೇಡಿ. ಎಣ್ಣೆ ಜಗ್ಗನ್ನೇ ಸ್ಕೇಲ್ ಮೇಲಿಡಿ, ಸೊನ್ನೆ ಒತ್ತಿ, ಜಗ್ ತಗೊಂಡು ಬಾಣಲಿಗೆ ಎಷ್ಟು ಬೇಕೋ ಅಷ್ಟು ಬಗ್ಗಿಸಿ, ವಾಪಸ್ ಸ್ಕೇಲ್ ಮೇಲಿಡಿ. ಮೈನಸ್ 18 ಅಂತ ತೋರಿಸಿದ್ರೆ ಬಾಣಲಿಗೆ ಹೋಗಿದ್ದು 18 ಗ್ರಾಂ, 162 ಕ್ಯಾಲರಿ. ಚಮಚ ತೊಳೆಯೋದೂ ಇಲ್ಲ, ಅಂಟ್ಕೊಂಡಿದ್ದು ಎಷ್ಟು ಅನ್ನೋ ಅನುಮಾನಾನೂ ಇಲ್ಲ. ಈ ಉಲ್ಟಾ ತೂಕದ ಉಪಾಯ ಒಂದು ಕಲ್ತ್ಕೊಂಡ್ರೆ ಅರ್ಧ ಕೆಲಸ ಮುಗೀತು ಅಂತ ನಾನು ಬರೋರಿಗೆಲ್ಲ ಹೇಳ್ತೀನಿ. ತುಪ್ಪದ ಡಬ್ಬ, ಉಪ್ಪಿನಕಾಯಿ ಜಾಡಿ, ಬೆಲ್ಲದ ಡಬ್ಬ ಎಲ್ಲದಕ್ಕೂ ಆಗತ್ತೆ. ದೋಸೆ ಹುಯ್ಯುವಾಗ ಎಣ್ಣೆ ಬಟ್ಲನ್ನ ಶುರುಲಿ ಒಂದ್ಸಲ ಕೊನೇಲಿ ಒಂದ್ಸಲ ತೂಗಿ, ಎಷ್ಟು ದೋಸೆ ಆಯ್ತೋ ಅದ್ರಿಂದ ಭಾಗಿಸಿ. ಬೋಂಡ ಪೂರಿ ಕರಿದ ದಿನ ಬಾಣಲಿ ಎಣ್ಣೆನ ಮುಂಚೆ ತೂಗಿ, ಪೂರ್ತಿ ಆರಿದ್ಮೇಲೆ ಮತ್ತೆ ತೂಗಿ, ಕಮ್ಮಿ ಆಗಿದ್ದು ಹೆಚ್ಚಿನಂಶ ತಿಂಡಿ ಒಳಗೆ ಹೋಗಿದ್ದು.

ಇದೆಲ್ಲ ಆಗಲ್ಲ ಅನ್ನೋರಿಗೆ ತಿಂಗಳ ಲೆಕ್ಕ ಇದೆ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಬರೆದಿರತ್ತೆ ನೋಡಿ, ಎಣ್ಣೆ ನೀರಿಗಿಂತ ಹಗುರ. ಆರು ಜನರ ಮನೆಗೆ ತಿಂಗಳಿಗೆ 6 ಲೀಟರ್ ಖರ್ಚಾದ್ರೆ ತಲೆಗೆ ದಿನಕ್ಕೆ 30 ಗ್ರಾಂ, 270 ಕ್ಯಾಲರಿ. ನಿಮ್ಮ ಆ್ಯಪಲ್ಲಿ ದಿನಕ್ಕೆ ಎಣ್ಣೆ ಎಷ್ಟು ಅಂತ ಕಾಣ್ತಿದೆ? ಒಂದೆರಡು ಟೀ ಚಮಚ ಇದ್ರೆ, ಅವಿತ್ಕೊಂಡಿರೋ 400ರಲ್ಲಿ ದೊಡ್ಡ ಪಾಲು ಇಲ್ಲೇ ಸಿಕ್ತು. ಮಕ್ಕಳು ಕಮ್ಮಿ ತಿಂತಾರೆ ಅಂದ್ಮೇಲೆ ನಿಮ್ಮ ಪಾಲು ಇನ್ನೂ ಸ್ವಲ್ಪ ಮೇಲೇ.

ಇನ್ನು ತೆಂಗಿನಕಾಯಿ. ತೋಟದ ಮನೆ, ಕಾಯಿಗೆ ಬರ ಇಲ್ಲ, ದುಡ್ಡು ಕೊಟ್ಟು ತರೋರು ಲೆಕ್ಕ ಇಟ್ಟು ಒಡೀತಾರೆ, ನಿಮ್ಮಲ್ಲಿ ಕೈಗೆ ಸಿಕ್ಕಿದ್ದು ಒಡೆಯೋದು. ಹಸಿ ಕಾಯಿ ತುರಿ 100 ಗ್ರಾಂಗೆ ಸುಮಾರು 400 ಕ್ಯಾಲರಿ. ಅದೇ ಒಣ ಕೊಬ್ಬರಿ ಆದ್ರೆ 620ರಿಂದ 660, ಯಾಕಂದ್ರೆ ನೀರು ಆರಿ ಎಣ್ಣೆ ಅಂಶದ ಪಾಲು ಜಾಸ್ತಿ ಆಗಿರತ್ತೆ. ಆ್ಯಪಲ್ಲಿ ಕೋಕೋನಟ್ ಅಂತ ಹೊಡೆದ್ರೆ ಎಳನೀರು, ಗಂಜಿ, ಹಸಿ ತುರಿ, ಒಣ ಕೊಬ್ಬರಿ, ಕಾಯಿ ಹಾಲು ಎಲ್ಲ ಒಟ್ಟೊಟ್ಟಿಗೆ ಬರತ್ತೆ, ನೋಡ್ಕೊಂಡು ಆರಿಸಿ. ಅಳೆಯೋದು ಸುಲಭ, ಹೋಳನ್ನ ತುರಿಯೋ ಮುಂಚೆ ಕರಟದ ಸಮೇತ ತೂಗಿ, ತುರಿದ್ಮೇಲೆ ಮತ್ತೆ ತೂಗಿ, ಕಮ್ಮಿ ಆಗಿದ್ದೇ ತುರಿ. ಒಂದು ಹೋಳಲ್ಲಿ 150 ಗ್ರಾಂ ತುರಿ ಬಂದ್ರೆ 600 ಕ್ಯಾಲರಿ, ಆರು ಜನಕ್ಕೆ ತಲೆಗೆ ನೂರು. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಹುಳಿಗೆ ರುಬ್ಬಿದ್ದು, ಪಲ್ಯದ ಮೇಲೆ ಉದುರಿಸಿದ್ದು, ಮೂರೂ ಸೇರ್ಸಿ ನೋಡಿ. ಕಾಯಿ ಬಿಡಿ ಅಂತ ನಾನು ಖಂಡಿತ ಹೇಳ್ತಿಲ್ಲ, ತೋಟದ ಮನೇಲಿ ಕಾಯಿ ಇಲ್ದೆ ಅಡುಗೆ ಮಾಡಿ ಅನ್ನೋ ಡಯಟ್ ಒಂದು ವಾರ ನಡೆಯಲ್ಲ. ಇರೋದನ್ನ ಲೆಕ್ಕಕ್ಕೆ ತಗೊಳಿ ಅಂತಿದ್ದೀನಿ.

ಕಾಫಿ. ಮೂರು ಕಾಫಿ ಅಂತ ಬರೆದಿದ್ದೀರಿ, ಲೋಟ ಎಷ್ಟು ದೊಡ್ಡದು? 100 ಎಂಎಲ್ ಹಾಲು ಹಾಕಿದ್ರೆ, ನೀಲಿ ಪ್ಯಾಕೆಟ್ ನಂದಿನಿ ಅಂತ ಇಟ್ಕೊಂಡ್ರೂ, 60 ಕ್ಯಾಲರಿ ಹತ್ರ, ಮನೆ ಎಮ್ಮೆ ಹಾಲಾದ್ರೆ ನೂರರ ಮೇಲೆ. ಸಕ್ಕರೆ ಸಮ ಮಾಡಿದ ಒಂದು ಟೀ ಚಮಚ 4 ಗ್ರಾಂ, ಗೋಪುರ ಮಾಡಿದ್ರೆ 6-7 ಗ್ರಾಂ, ಗ್ರಾಂಗೆ 4 ಕ್ಯಾಲರಿ. ಅಂಥ ಎರಡು ಚಮಚ ಹಾಕಿದ ಒಂದು ಲೋಟ 110, ದಿನಕ್ಕೆ ಮೂರು 330. ಕಾಫಿ ಅಂತ ಹಾಕಿದ್ದಕ್ಕೆ ಆ್ಯಪ್ ಹಾಲಿಲ್ಲದ ಕಾಫಿ ತಗೊಂಡಿದ್ರೆ ಅಲ್ಲಿ ಬರೋದು ಐದು ಕ್ಯಾಲರಿನೂ ಇಲ್ಲ. ಇವತ್ತೇ ಹೋಗಿ ಅದನ್ನ ನೋಡಿ.

ಚಮಚ ಲೋಟ ಬಟ್ಲು ಬಳಸ್ಲೇಬೇಕು ಅಂದ್ರೆ ಅದನ್ನ ನೀರಲ್ಲಿ ಪರೀಕ್ಷೆ ಮಾಡಿ. ನೀರು ಒಂದು ಎಂಎಲ್ ಅಂದ್ರೆ ಒಂದು ಗ್ರಾಂ. ಸ್ಕೇಲ್ ಮೇಲೆ ಬಟ್ಲಿಟ್ಟು ಚಮಚದಲ್ಲಿ ಹತ್ತು ಸಲ ನೀರು ಹಾಕಿ, 80 ಗ್ರಾಂ ಬಂದ್ರೆ ನಿಮ್ಮ ಚಮಚ 8 ಎಂಎಲ್. ಟೀ ಚಮಚ ಅಂದ್ರೆ 5 ಅಂತ ಆ್ಯಪ್ ಅಂದ್ಕೊಂಡಿರತ್ತೆ. ಕಪ್ ಅನ್ನೋದೂ ಹಾಗೇ, ಅಮೆರಿಕದ ಲೇಬಲ್‌ಗಳಲ್ಲಿ 240 ಎಂಎಲ್, ಆಸ್ಟ್ರೇಲಿಯಾದ ಪಾಕವಿಧಾನದಲ್ಲಿ 250, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರೋ ಕಪ್ ಸಾಮಾನ್ಯವಾಗಿ 180. ‘ಒಂದು ಕಪ್ ಅನ್ನ’ ಅಂತ ನೀವು ಹಾಕಿದ್ದು ಇದ್ರಲ್ಲಿ ಯಾವ್ದು ಅಂತ ನಿಮಗೂ ಗೊತ್ತಿಲ್ಲ ಆ್ಯಪಿಗೂ ಗೊತ್ತಿಲ್ಲ.

ಸ್ಕೇಲ್ ತರಿಸಿದ್ದೀರಿ, ಒಳ್ಳೇದು, ಅದ್ರದ್ದೂ ಸ್ವಲ್ಪ ಸ್ವಭಾವ ತಿಳ್ಕೊಳಿ. ಗ್ರಾನೈಟ್ ಕಟ್ಟೆ ಥರ ಗಟ್ಟಿ ಸಮ ಜಾಗದಲ್ಲಿಡಿ, ಬಟ್ಟೆ ಮೇಲೆ ಪೇಪರ್ ಮೇಲೆ ಬೇಡ. ಬಿಸಿ ಪಾತ್ರೆ ನೇರ ಇಡ್ಬೇಡಿ, ಒಳಗಿನ ಸೆನ್ಸರ್‌ಗೆ ಶಾಖ ಆಗಲ್ಲ, ಒಂದು ಮರದ ಮಣೆ ಇಟ್ಟು ಸೊನ್ನೆ ಮಾಡಿ ಅದ್ರ ಮೇಲೆ ಪಾತ್ರೆ ಇಡಿ. ಬೇರೆ ಜಾಗಕ್ಕೆ ಎತ್ತಿಟ್ರೆ ಮತ್ತೆ ಸೊನ್ನೆ ಒತ್ತಿ. ಒಂದು ಗ್ರಾಂ ತೋರ್ಸೋ ಸಾಮಾನ್ಯ ಸ್ಕೇಲ್‌ಗಳಲ್ಲಿ ಇನ್ನೊಂದಿದೆ, ಎಣ್ಣೆ ತುಪ್ಪ ಹನಿಹನಿಯಾಗಿ ಬಿಟ್ರೆ ಕೆಲವಕ್ಕೆ ಗೊತ್ತೇ ಆಗಲ್ಲ, ಸಣ್ಣ ಬದಲಾವಣೆನ ಗಾಳಿ ಅಲುಗಾಟ ಅಂದ್ಕೊಂಡು ಸೊನ್ನೆಗೇ ಸೇರ್ಸಿಬಿಡತ್ತೆ. ಅದಕ್ಕೇ ಆ ಉಲ್ಟಾ ತೂಕನೇ ವಾಸಿ ಅಂದಿದ್ದು. 5 ಗ್ರಾಂ ಒಳಗಿನ ತೂಕ ನಂಬ್ಬೇಡಿ. ಸ್ಕೇಲ್ ಸರಿ ಇದ್ಯಾ ನೋಡೋಕೆ ಹತ್ತು ರೂಪಾಯಿ ನಾಣ್ಯ ಹತ್ತು ಸೇರಿಸಿಡಿ, ಒಂದೊಂದು 7.7 ಗ್ರಾಂ ಇರತ್ತೆ, 77 ತೋರಿಸ್ಬೇಕು. ಇಲ್ಲಾಂದ್ರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಡಿ, ಹಾಲು ನೀರಿಗಿಂತ ಸ್ವಲ್ಪ ಭಾರ, 515ರಿಂದ 520 ಬಂದ್ರೆ ಸರಿ ಇದೆ. ಸಂಖ್ಯೆ ಸುಮ್ಸುಮ್ನೆ ಓಲಾಡ್ತಿದ್ರೆ ಮೊದ್ಲು ಬ್ಯಾಟರಿ ಬದಲಾಯ್ಸಿ.

ಚಪಾತಿಗೆ ಉಂಡೆ ತೂಗಿದ್ರೆ ಸಾಕು. 300 ಗ್ರಾಂ ಹಿಟ್ಟಿಗೆ ಕಲಸಿದ್ಮೇಲೆ 490 ಗ್ರಾಂ ಕಣಕ ಬಂತು ಅಂದ್ರೆ 49 ಗ್ರಾಂ ಉಂಡೇಲಿ 30 ಗ್ರಾಂ ಹಿಟ್ಟು, ನೂರು ಕ್ಯಾಲರಿ ಒಂದಿಷ್ಟು ಹೆಚ್ಚುಕಮ್ಮಿ, ಮೇಲೆ ಹಚ್ಚೋ ಎಣ್ಣೆ ಬೇರೆ. ದೋಸೆ ಹಿಟ್ಟಿಗೂ ಹೀಗೇ, ನೆನೆಹಾಕೋ ಮುಂಚೆ ಅಕ್ಕಿ ಉದ್ದಿನಬೇಳೆ ತೂಗಿ, ರುಬ್ಬಿದ್ಮೇಲೆ ಒಟ್ಟು ಹಿಟ್ಟು ತೂಗಿ, ಒಂದು ಸೌಟು ಎಷ್ಟು ಗ್ರಾಂ ನೋಡಿ. ಕಡಲೆಕಾಯಿ ಬೀಜ ಹುರಿಗಡಲೆ ಬಾಯಾಡ್ಸೋ ಅಭ್ಯಾಸ ಇದ್ರೆ ನಿಮ್ಮ ಒಂದು ಹಿಡಿ ಎಷ್ಟು ಗ್ರಾಂ ಅಂತ ಒಂದ್ಸಲ ತೂಗಿ ಇಟ್ಕೊಳಿ, 30 ಗ್ರಾಂ ಕಡಲೆಬೀಜ 160 ಕ್ಯಾಲರಿ.

ಮದುವೆ, ಜಾತ್ರೆ, ಹೋಟ್ಲು, ಅಲ್ಲಿಗೆಲ್ಲ ಸ್ಕೇಲ್ ತಗೊಂಡ್ಹೋಗ್ಬೇಡಿ. ಎಲೆ ಮುಂದೆ ಕೂತು ಒಬ್ಬಟ್ಟು ತೂಗೋ ಹಂತಕ್ಕೆ ಹೋಗೋದು ಬೇಡ. ನೀವು ಪದೇಪದೇ ತಿನ್ನೋ ಹೋಟ್ಲು ತಿಂಡಿ ಒಂದೋ ಎರಡೋ ಇದ್ರೆ ಒಂದ್ಸಲ ಪಾರ್ಸಲ್ ತಂದು ಮನೇಲಿ ತೂಗಿ, ಇಡ್ಲಿ ಎಷ್ಟು, ವಡೆ ಎಷ್ಟು, ಚಟ್ನಿ ಎಷ್ಟು ಅಂತ. ಅದಾದ್ಮೇಲೆ ಅದೇ ಸಂಖ್ಯೆ ಮೇಲೆ ಸ್ವಲ್ಪ ಜಾಸ್ತಿನೇ ಹಾಕ್ಕೊಳಿ, ಹೊರಗಡೆ ಅಡುಗೇಲಿ ಎಣ್ಣೆ ನಿಮ್ಮ ಅಂದಾಜಿಗಿಂತ ಮೇಲೇ ಇರತ್ತೆ.

ಸಂಖ್ಯೆ ಎಲ್ಲಿಂದ ತಗೊಳ್ಳೋದು ಅಂತಾನೂ ಹೇಳ್ತೀನಿ. ನಮ್ಮ ಆಹಾರಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆ ಪಟ್ಟಿ ಇದೆ, 528 ಪದಾರ್ಥ, ದೇಶದ ಬೇರೆಬೇರೆ ಭಾಗದಿಂದ ಸ್ಯಾಂಪಲ್ ತಂದು ಪರೀಕ್ಷೆ ಮಾಡಿದ್ದು. ಅದ್ರಲ್ಲಿ ಶಕ್ತಿ ಕೊಟ್ಟಿರೋದು ಕಿಲೋಜೂಲ್‌ನಲ್ಲಿ, 4.184ರಿಂದ ಭಾಗಿಸಿದ್ರೆ ನಾವು ದಿನಾ ಹೇಳೋ ಕ್ಯಾಲರಿ ಬರತ್ತೆ. ಭಾಗಿಸದೆ ಹಾಗೇ ತಗೊಂಡ್ರೆ ನಾಲ್ಕು ಪಟ್ಟು ಆಗ್ಬಿಡತ್ತೆ, ಹುಷಾರು. ಆ್ಯಪಲ್ಲಿ ಬಳಕೆದಾರರೇ ಹಾಕಿರೋ ಸಂಖ್ಯೆಗಳು ಬೇಕಾದಷ್ಟು ತಪ್ಪಿರ್ತವೆ, ಅದಕ್ಕೆ ಅಕ್ಕಿ, ರಾಗಿ, ಬೇಳೆ, ಎಣ್ಣೆ, ಕಾಯಿ, ಹಾಲು, ಸಕ್ಕರೆ ಥರ ಹದಿನೈದು ಇಪ್ಪತ್ತು ಪದಾರ್ಥದ ಸರಿಯಾದ ಸಂಖ್ಯೆ ನೀವೇ ಒಂದ್ಸಲ ಹಾಕಿ ಇಟ್ಕೊಳಿ, ನಿಮ್ಮ ಮನೆ ಅಡುಗೆ ನೂರಕ್ಕೆ ತೊಂಬತ್ತು ಅದ್ರಲ್ಲೇ ಮುಗಿಯತ್ತೆ. ಬಿಸ್ಕೆಟ್ ಪ್ಯಾಕೆಟ್ ಥರದ್ದರಲ್ಲಿ 100 ಗ್ರಾಂಗೆ ಎಷ್ಟು ಅನ್ನೋ ಸಾಲು ನೋಡಿ, ಒಂದು ಸರ್ವಿಂಗ್‌ಗೆ ಅನ್ನೋ ಸಾಲು ನೋಡಿ ಮೋಸ ಹೋಗ್ಬೇಡಿ, ಅವ್ರ ಸರ್ವಿಂಗ್ ಎರಡೋ ಮೂರೋ ಬಿಸ್ಕೆಟ್ ಇರತ್ತೆ.

ಇಷ್ಟೆಲ್ಲ ಮಾಡಿದ್ರೂ ಸಂಖ್ಯೆ ಪಕ್ಕಾ ಬರಲ್ಲ ಅನ್ನೋದು ಗೊತ್ತಿರ್ಲಿ. ಕಾರ್ಬೋಹೈಡ್ರೇಟ್‌ಗೆ 4, ಪ್ರೋಟೀನ್‌ಗೆ 4, ಕೊಬ್ಬಿಗೆ 9 ಅನ್ನೋ ಲೆಕ್ಕ ನೂರು ವರ್ಷಕ್ಕೂ ಹಿಂದೆ ಅಮೆರಿಕದ ವಿಲ್ಬರ್ ಆಟ್‌ವಾಟರ್ ಕೊಟ್ಟಿದ್ದು, ಅದೇ ಒಂದು ಸರಾಸರಿ. ನೂರಕ್ಕೆ ಹತ್ತು ಆ ಕಡೆ ಈ ಕಡೆ ಇದ್ರೆ ನನಗೆ ಸಂತೋಷ. ದಿನಾ ಒಂದೇ ರೀತಿ ಅಳೀರಿ, ಆಗ ಉಳಿದ ತಪ್ಪೂ ದಿನಾ ಒಂದೇ ಇರತ್ತೆ, ಅದನ್ನ ನಿಮ್ಮ ತೂಕ ನೋಡಿ ಸರಿ ಮಾಡ್ಕೋಬಹುದು. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ್ಮೇಲೆ ತೂಕ ನೋಡಿ, ಒಂದು ದಿನದ್ದು ನಂಬ್ಬೇಡಿ, ಉಪ್ಪು ನೀರು ಮುಟ್ಟಿನ ದಿನಗಳಿಂದ ಒಂದು ಕೆಜಿ ಹಾಗೇ ಏರಿಳಿಯತ್ತೆ, ವಾರದ ಸರಾಸರಿ ತಗೊಂಡು ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಹೋಲಿಸಿ.

ಮತ್ತೆ ಲೆಕ್ಕ ಸರಿ ಹೋದ್ಮೇಲೆ 1800 ಇದೆ ಅಂತ ಕಂಡು ಗಾಬರಿಯಾಗಿ ಒಮ್ಮೆಲೇ 1000ಕ್ಕೆ ಇಳಿಸ್ಬೇಡಿ. 1200ಕ್ಕಿಂತ ಕೆಳಗೆ ಡಾಕ್ಟರ್ ಅಥವಾ ಡಯಟಿಷಿಯನ್ ನೋಡ್ಕೊಳ್ದೆ ಹೋಗ್ಲೇಬೇಡಿ. ಸರಿಯಾಗಿ ಅಳೆದ 1500 ಇದ್ರೆ ನಿಮಗೆ ನಿಧಾನಕ್ಕೆ ಇಳಿಯತ್ತೆ. ತೂಗದೆ ಒಂದು ತುತ್ತೂ ತಿನ್ನೋಕೆ ಭಯ ಆಗೋದು, ತಿಂದ್ಮೇಲೆ ಅಪರಾಧ ಮಾಡಿದ ಹಾಗೆ ಅನ್ಸೋದು, ಜನರ ಜೊತೆ ಊಟಕ್ಕೆ ಕೂರೋದು ತಪ್ಪಿಸೋದು, ಇಂಥದ್ದು ಶುರುವಾದ್ರೆ ಸ್ಕೇಲ್ ಎತ್ತಿಟ್ಟು ಡಾಕ್ಟರ್ ಹತ್ರ ಮಾತಾಡಿ, ಇದನ್ನ ನಾನು ತುಂಬಾ ಗಂಭೀರವಾಗಿ ಹೇಳ್ತಿದ್ದೀನಿ. ಮನೇಲಿ ಮಕ್ಕಳ ಮುಂದೆ ಅವ್ರ ತಟ್ಟೆ ತೂಗ್ಬೇಡಿ, ಕ್ಯಾಲರಿ ಮಾತು ಅವ್ರ ಊಟದ ಹೊತ್ತಲ್ಲಿ ಬೇಡ. ಗರ್ಭಿಣಿಯರು, ಹಾಲೂಡಿಸೋ ತಾಯಂದಿರು ಈ ಉತ್ತರ ಓದ್ತಿದ್ರೆ ಇದನ್ನ ನಿಮಗೆ ಅಂತ ತಗೋಬೇಡಿ.

ಜೀವನ ಪೂರ್ತಿ ತೂಗ್ಬೇಕಾ ಅಂದ್ರಿ. ಬೇಡ. ಮೂರು ವಾರ ಶ್ರದ್ಧೆಯಿಂದ ತೂಗಿದ್ರೆ ನಿಮ್ಮ ಮನೆ ಮುದ್ದೆ, ನಿಮ್ಮ ಸೌಟು, ನಿಮ್ಮ ಬಟ್ಲು ಕಣ್ಣಿಗೆ ಕೂತ್ಬಿಡತ್ತೆ. ಅದಾದ್ಮೇಲೆ ಎಣ್ಣೆ, ಕಾಯಿ, ಹಿಟ್ಟು ಮಾತ್ರ ತೂಗಿ, ತಿಂಗಳಿಗೆ ಎರಡು ಮೂರು ದಿನ ಎಲ್ಲ ತೂಗಿ ನೋಡಿ, ಯಾಕಂದ್ರೆ ಕಣ್ಣು ನಿಧಾನಕ್ಕೆ ಮತ್ತೆ ಜಾಸ್ತಿ ಬಡಿಸೋಕೆ ಶುರು ಮಾಡತ್ತೆ. ಹೊಸ ಅಕ್ಕಿ ಮೂಟೆ ಬಂದಾಗ, ಪಾವು ಸೌಟು ಬದಲಾದಾಗ, ಮತ್ತೆ ಒಂದ್ಸಲ.

ಮೊದಲನೇ ವಾರ ಊಟ ಏನೂ ಬದಲಾಯ್ಸೋಕೆ ಹೋಗ್ಬೇಡಿ, ಈಗ ಏನು ತಿಂತಿದ್ದೀರೋ ಅದನ್ನೇ ತಿಂದು ಸರಿಯಾಗಿ ತೂಗಿ ಬರೀರಿ ಅಷ್ಟೇ. ಎಣ್ಣೆ, ಕಾಯಿ, ಕಾಫಿ, ಮುದ್ದೆ ನಾಲ್ಕನ್ನ ಬೇರೆಬೇರೆ ಸಾಲಲ್ಲಿ ಬರೆದು ಆ ಏಳು ದಿನದ ಲೆಕ್ಕ ನನಗೆ ಕಳ್ಸಿ, ಆ 400 ಯಾವ ಸಾಲಲ್ಲಿದೆ ನೋಡ್ಕೊಂಡು ಅಲ್ಲಿಂದ ಮುಂದೆ ಏನು ಕಮ್ಮಿ ಮಾಡೋದು ಅಂತ ಹೇಳ್ತೀನಿ.